ಕಡಲಿಗೆ ನಿಮ್ಮ ಟೈಮ್ ಟೇಬಲ್ ಗೊತ್ತಿಲ್ಲ ಸ್ವಾಮಿ!

ಶುಕ್ರವಾರ ರಾತ್ರಿ ಬೆಂಗಳೂರಿಂದ ಬಸ್ಸು. ಶನಿವಾರ ಬೆಳಗ್ಗೆ ಗೋಕರ್ಣ, ತಿಂಡಿ, ಹನ್ನೊಂದಕ್ಕೆ ಕಯಾಕಿಂಗ್. ರಾತ್ರಿ ಬೀಚಿನಲ್ಲಿ ಟೆಂಟು, ಬೆಂಕಿ, ಹಾಡು. ಭಾನುವಾರ ವಾಪಸ್, ಸೋಮವಾರ ಆಫೀಸು. ಇಪ್ಪತ್ತೈದು ಜನರ ಗುಂಪು. ಪೂರ್ತಿ ಹಣ ಮುಂಗಡ, ಕಟ್ಟಿದ ಹಣ ವಾಪಸ್ ಕೊಡೋದಿಲ್ಲ.

ಇಂಥ ಜಾಹೀರಾತು ನಿಮಗೂ ಬಂದಿರುತ್ತೆ. ನಮ್ಮಲ್ಲಿ ಕೆಲವರು ಹೋಗಿ ಬಂದು ಫೋಟೋ ಹಾಕಿ "ಸೂಪರ್ ಅನುಭವ" ಅಂತ ಬರೆದದ್ದೂ ಇದೆ. ಕಯಾಕಿನ ಮೇಲೆ ನನಗೇನೂ ಸಿಟ್ಟಿಲ್ಲ. ಇಂಜಿನ್ನಿನ ಗದ್ದಲವಿಲ್ಲ, ಡೀಸೆಲ್ ವಾಸನೆಯಿಲ್ಲ, ಕಡಲು ನೋಡೋದಕ್ಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ. ನನ್ನ ಜಗಳ ಇರೋದು ಆ ಕೊನೇ ಸಾಲಿನ ಜೊತೆ. "ಹಣ ವಾಪಸ್ ಇಲ್ಲ" ಅಂದರೆ "ಗಾಳಿ ಹೇಗೇ ಇರಲಿ, ಇಳಿಸ್ತೀವಿ" ಅಂತಲೇ ಅರ್ಥ!

ಚಳಿಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೆ ಅದರದ್ದೇ ದಿನಚರಿ ಇದೆ. ಬೆಳಗ್ಗೆ ನೆಲದಿಂದ ಕಡಲಿನ ಕಡೆಗೆ ಬೀಸುತ್ತೆ. ದಡದ ಹತ್ತಿರ ನೀರು ಕನ್ನಡಿ ಥರ ಕಾಣುತ್ತೆ, ಆದರೆ ಅದೇ ಗಾಳಿ ಕಯಾಕನ್ನು ಸದ್ದಿಲ್ಲದೆ ಹೊರಗೆ ತಳ್ಳುತ್ತೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಕಡಲಿಂದ ಬೀಸತೊಡಗುತ್ತೆ, ತೆರೆ ಏಳುತ್ತೆ. ಓಂ ಬೀಚಿನಿಂದ ಪ್ಯಾರಡೈಸ್ ಕಡೆಗೆ ಹೋಗುವಾಗ ನಡುವೆ ಬಂಡೆಗಳ ಗುಡ್ಡಗಳಿವೆ. ಬಂಡೆಗೆ ಬಡಿದು ಹಿಂದೆ ಬರುವ ತೆರೆ ಒಂದು ಕಡೆ, ಕಡಲಿಂದ ಬರುವ ತೆರೆ ಇನ್ನೊಂದು ಕಡೆ. ಅಲ್ಲಿ ಮಗುಚಿದರೆ ಹತ್ತೋಕೆ ದಡವಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು, ಮೊದಲ ಸಲ ಹುಟ್ಟು ಹಿಡಿದವರನ್ನು ಹನ್ನೊಂದು ಗಂಟೆಗೆ ಅಲ್ಲಿಗೆ ಕಳಿಸೋದು ಯಾವ ಸಾಹಸ?

"ಲೈಫ್ ಜಾಕೆಟ್ ಕೊಡ್ತಾರಲ್ಲ" ಅಂತೀರಿ. ಜಾಕೆಟ್ ತೇಲಿಸುತ್ತೆ, ದಡಕ್ಕೆ ತರೋದಿಲ್ಲ.

ಇಂಗ್ಲೆಂಡಿನ ಲೈಮ್ ಬೇಯಲ್ಲಿ 1993ರ ಮಾರ್ಚ್ 22ರಂದು ಎಂಟು ಶಾಲಾಮಕ್ಕಳು, ಒಬ್ಬರು ಮೇಷ್ಟ್ರು, ಇಬ್ಬರು ತರಬೇತುದಾರರು ಕಯಾಕಿನಲ್ಲಿ ಹೊರಟರು. ಮೇಷ್ಟ್ರ ಕಯಾಕು ಮತ್ತೆ ಮತ್ತೆ ಮಗುಚಿತು. ಒಬ್ಬ ತರಬೇತುದಾರ ಅವರ ಜೊತೆ ನಿಂತ. ಉಳಿದವರನ್ನು ನೆಲದ ಗಾಳಿ ಕಡಲಿಗೆ ಎಳೆದೊಯ್ದಿತು. ಕರಾವಳಿ ರಕ್ಷಕರಿಗೆ ಸುದ್ದಿ ಮುಟ್ಟೋ ಹೊತ್ತಿಗೆ ತಾಸುಗಳೇ ಕಳೆದಿದ್ದವು. ನಾಲ್ಕು ಮಕ್ಕಳು ಸತ್ತರು. ಕೆಲಸ ಬಿಟ್ಟು ಹೋದ ತರಬೇತುದಾರರು ಸುರಕ್ಷತೆ ಬಗ್ಗೆ ಮೊದಲೇ ಪತ್ರ ಬರೆದು ಎಚ್ಚರಿಸಿದ್ದರು. 1994ರಲ್ಲಿ ಕಂಪನಿಯ ಮುಖ್ಯಸ್ಥನಿಗೆ ಜೈಲಾಯಿತು, 1995ರಲ್ಲಿ ಅದಕ್ಕಂತಲೇ ಕಾನೂನು ಬಂತು. ಅಲ್ಲಿನ ನೀರು ಕೊರೆಯುವಷ್ಟು ತಣ್ಣಗೆ, ನಮ್ಮದು ಬೆಚ್ಚಗೆ, ಒಪ್ಪಿದೆ. ಆದರೆ ದಡದಿಂದ ಹೊರಗೆ ತಳ್ಳುವ ಗಾಳಿ ಎರಡೂ ಕಡೆ ಒಂದೇ. ನಮ್ಮ ಮುರ್ಡೇಶ್ವರದಲ್ಲೇ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ಕಡಲು ಗೊತ್ತಿಲ್ಲದ ದೊಡ್ಡ ಗುಂಪು ಕಡಲಿಗೆ ಇಳಿದರೆ ಏನಾಗುತ್ತೆ ಅನ್ನೋದಕ್ಕೆ ಇನ್ನೆಷ್ಟು ಉದಾಹರಣೆ ಬೇಕು?

ರಾತ್ರಿ ಕ್ಯಾಂಪಿನ ಕಥೆಯೂ ಹೀಗೇ. "ಹುಣ್ಣಿಮೆ ಕ್ಯಾಂಪಿಂಗ್" ಅಂತ ವಿಶೇಷ ದರ ಬೇರೆ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೇ ಉಬ್ಬರ ಜಾಸ್ತಿ ಅಂತ ಮೀನುಗಾರರ ಮನೆಯ ಮಗುವಿಗೂ ಗೊತ್ತು. ಟೆಂಟು ಎಲ್ಲಿ ಹಾಕಬೇಕು ಅಂತ ಆ ಮಗುವನ್ನು ಯಾರೂ ಕೇಳೋದಿಲ್ಲ. ಇನ್ನು ಕಡಲಾಮೆ ಮೊಟ್ಟೆ ಇಡೋಕೆ ಹೊನ್ನಾವರದ ಕಾಸರಕೋಡಿನಂಥ ದಡಗಳಿಗೆ ಬರೋದೂ ಇದೇ ಚಳಿಗಾಲದ ಟ್ರಿಪ್ ಸೀಸನ್ನಿನಲ್ಲೇ. ಮರಿಗಳು ಬೆಳಕು ಕಂಡ ಕಡೆಗೆ ಹರಿದು ಹೋಗ್ತವೆ. ಕಡಲಿನ ಮೇಲಿನ ಬೆಳಕಿಗಿಂತ ನಿಮ್ಮ ಬೆಂಕಿ, ಎಲ್ಇಡಿ ಜೋರಾಗಿದ್ದರೆ ಅವು ತಿರುಗೋದು ನಿಮ್ಮ ಕಡೆಗೇ.

"ಸ್ಥಳೀಯರಿಗೆ ನಾಲ್ಕು ಕಾಸು ಸಿಗುತ್ತಲ್ಲ" ಅನ್ನೋ ವಾದ ಇದೆ. ಸಿಗಲಿ, ಇನ್ನೂ ಹೆಚ್ಚು ಸಿಗಲಿ! ಆದರೆ ಗುಂಪು ನೀರಿಗೆ ಇಳಿದರಷ್ಟೇ ಕೂಲಿ ಅಂದಾಗ "ಇವತ್ತು ಬೇಡ" ಅಂತ ಅವರಾದರೂ ಹೇಗೆ ಹೇಳ್ತಾರೆ? ಇಳಿಯದ ದಿನಕ್ಕೂ ಕೂಲಿ ಕೊಡಿ, ಕೊನೇ ಮಾತು ಅವರದ್ದಾಗಲಿ.

ಹಾಗಾಗಿ ದುಡ್ಡು ಕಟ್ಟೋ ಮುಂಚೆ ಮೂರೇ ಪ್ರಶ್ನೆ ಕೇಳಿ. ಗಾಳಿ ಕೆಟ್ಟರೆ ಹಣ ವಾಪಸ್ ಕೊಡ್ತೀರಾ? ಇಳಿಯಬೇಡಿ ಅನ್ನೋ ಅಧಿಕಾರ ಯಾರಿಗಿದೆ, ಅವರು ಆ ಊರಿನವರಾ? ಹೊತ್ತಿಗೆ ಸರಿಯಾಗಿ ವಾಪಸ್ ಬರದಿದ್ದರೆ ದಡದಲ್ಲಿ ನಿಂತು ಯಾರಿಗೆ ಫೋನ್ ಮಾಡೋರು ಯಾರು? ಉತ್ತರ ಬರಲಿಲ್ಲವೋ, ಹೋಗಬೇಡಿ. ನಿಮ್ಮ ಮುಂದಿನ ಟ್ರಿಪ್ ಕಥೆಯಲ್ಲಿ ಈ ಮೂರು ಉತ್ತರಗಳನ್ನೂ ಬರೆಯಿರಿ. ಕಡಲಿಗಿಳಿಯದೆ ವಾಪಸ್ ಬಂದಿದ್ದರೆ ಅದನ್ನೂ ಬರೆಯಿರಿ. ಎಲ್ಲರಿಗಿಂತ ಮೊದಲು ನಾನು ಓದ್ತೀನಿ.

ಏನಂತೀರಾ?