ದೊಡ್ಡ ಬಾಡಿಗೆಗೆ ಮುನ್ನ ಸೋರಿಕೆ ಹುಡುಕೋಣ

ಸಂಘದ ಜಾಲತಾಣವು ಧಾರಣೆ ನೋಡಬೇಕಾದ ಹೊತ್ತಿನಲ್ಲಿಯೇ ತೆರೆಯುವುದಿಲ್ಲವೆಂದು ಸದಸ್ಯ ಬಾಂಧವರು ದೂರುತ್ತಿದ್ದಾರೆ. ದೂರು ನ್ಯಾಯವಾದುದೇ. ಆ ದಿನದ ಧಾರಣೆ ತಿಳಿಯದೆ, ಅಂಗಳಕ್ಕೆ ಬಂದ ವ್ಯಾಪಾರಿ ಹೇಳಿದ ಬೆಲೆಗೆ ಚಾಲಿಯನ್ನೋ ರೊಬಸ್ಟಾ ಚೆರಿಯನ್ನೋ ತೂಗಿಕೊಟ್ಟರೆ ನಷ್ಟ ಸಣ್ಣ ಬೆಳೆಗಾರನದು. ತಾಣಕ್ಕೆ ಜಾಗ ಕೊಟ್ಟ ಕಂಪನಿಯವರ ಸಲಹೆಯಾದರೋ ಒಂದೇ: ಹೆಚ್ಚು ಬಾಡಿಗೆ ತೆತ್ತು ದೊಡ್ಡ ಜಾಗಕ್ಕೆ ಹೋಗಿ ಎಂಬುದು. ಸದಸ್ಯರ ಹಣದಿಂದ ಆ ಬಾಡಿಗೆ ತೆರುವ ಮುನ್ನ ಕಾರಣವನ್ನು ಪತ್ತೆ ಮಾಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಫುಟ್‌ವಾಲ್ವ್ ಸೋರುತ್ತಿರುವಾಗ ದೊಡ್ಡ ಪಂಪು ಕೂರಿಸುವವರುಂಟೆ?

ಕಡಿಮೆ ಬಾಡಿಗೆಯ ಹೋಸ್ಟಿಂಗ್ ಎಂದರೆ ಹಂಚಿಕೆಯ ವ್ಯವಸ್ಥೆ. ಒಂದೇ ಕೆರೆಯ ತೂಬಿನಿಂದ ಹಲವು ತೋಟಗಳಿಗೆ ನೀರು ಹರಿಯುವಂತೆ, ಒಂದೇ ಸರ್ವರಿನಲ್ಲಿ ಅನೇಕ ಜಾಲತಾಣಗಳು ನಡೆಯುತ್ತವೆ. ಒಬ್ಬರೇ ನೀರೆಲ್ಲ ಎಳೆಯದಂತೆ, ಸಿಪಿಯು ಇಷ್ಟು, ಮೆಮೊರಿ ಇಷ್ಟು, ಏಕಕಾಲಕ್ಕೆ ನಡೆಯಬಹುದಾದ ಕೆಲಸಗಳು ಇಷ್ಟು ಎಂದು ಪ್ರತಿ ತಾಣಕ್ಕೂ ಮಿತಿಯಿರುತ್ತದೆ. ಮಿತಿ ಮೀರಿದರೆ ಪುಟದ ಬದಲು 508 ಅಥವಾ 503 ಎಂಬ ದೋಷಸಂಖ್ಯೆ ಕಾಣುತ್ತದೆ.

ಮಿತಿ ಮುಗಿಯುವುದು ಯಾವಾಗಲೂ ನೋಡುಗರು ಹೆಚ್ಚಾದುದರಿಂದಲ್ಲ. 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ತಂತ್ರಾಂಶದಿಂದ ಕಟ್ಟಿದ ತಾಣಗಳಲ್ಲಿ, ಅದಕ್ಕೆ ಜೋಡಿಸುವ ಪ್ಲಗಿನ್‌ಗಳೇ ಎಷ್ಟೋ ಸಲ ಕಾರಣ. ಧಾರಣೆ ತೋರಿಸುವ ಪ್ಲಗಿನ್ನನ್ನೇ ತೆಗೆದುಕೊಳ್ಳಿ. ಅಡಿಕೆ ಧಾರಣೆ ದಿನಕ್ಕೊಮ್ಮೆ ಪ್ರಕಟವಾದರೂ, ಸರಿಯಾಗಿ ರೂಪಿಸದ ಪ್ಲಗಿನ್ ಒಬ್ಬೊಬ್ಬರು ಪುಟ ತೆರೆದಾಗಲೂ ಹೊರಗಿನ ತಾಣಕ್ಕೆ ಹೋಗಿ ಅದೇ ಅಂಕಿಯನ್ನು ಹೊತ್ತು ತರುತ್ತದೆ. ಅಲ್ಲಿ ಉತ್ತರ ತಡವಾದರೆ ಇಲ್ಲಿ ಕೋರಿಕೆಗಳು ಸಾಲುಗಟ್ಟುತ್ತವೆ, ಮಿತಿ ಮುಗಿಯುತ್ತದೆ. ಒಮ್ಮೆ ತಂದ ಅಂಕಿಯನ್ನು ತಾಣದಲ್ಲೇ ಉಳಿಸಿಕೊಂಡು ಎಲ್ಲರಿಗೂ ತೋರಿಸಿದರೆ ಈ ಹೊರೆ ಇಲ್ಲ. ನ್ಯೂಯಾರ್ಕಿನ ಅರೇಬಿಕಾ, ಲಂಡನ್ನಿನ ರೊಬಸ್ಟಾ ಧಾರಣೆ ದಿನವಿಡೀ ಏರಿಳಿಯುವುದು ನಿಜ. ಆದರೂ ಕಾಲು ಗಂಟೆಗೊಮ್ಮೆ ತಂದರೆ ಬೆಳೆಗಾರನಿಗೆ ಸಾಕು.

ಪತ್ತೆಯ ಕ್ರಮ ಕಠಿಣವೇನಲ್ಲ. ಮೊದಲು ತಾಣದ ಪೂರ್ತಿ ನಕಲನ್ನು ತೆಗೆದಿಡಬೇಕು. ಬಳಿಕ ಹೋಸ್ಟಿಂಗ್ ಫಲಕದಲ್ಲಿ ಹೊರೆ ಯಾವ ಗಂಟೆಗೆ ಏರುತ್ತದೆ, ಆಗ ಯಾವ ಕಡತಕ್ಕೆ ಹೆಚ್ಚು ಕೋರಿಕೆ ಬಂದಿದೆ ಎಂಬುದನ್ನು ನೋಡಬೇಕು. ಜನ ಕಡಿಮೆಯಿರುವ ರಾತ್ರಿ ಹೊತ್ತು ಎಲ್ಲ ಪ್ಲಗಿನ್‌ಗಳನ್ನೂ ನಿಲ್ಲಿಸಿ, ಒಂದೊಂದನ್ನೇ ಮತ್ತೆ ಹಚ್ಚುತ್ತ ಪುಟ ತೆರೆದು ಹೊರೆಯನ್ನು ಅಳೆಯಬೇಕು. ಯಾವುದನ್ನು ಹಚ್ಚಿದಾಗ ಹೊರೆ ದಿಢೀರನೆ ಏರುವುದೋ ಅದರ ಮೇಲೆ ಮೊದಲ ಅನುಮಾನ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವರ್ಡ್‌ಪ್ರೆಸ್ಸಿನ ವೇಳಾಪಟ್ಟಿಯ ಕೆಲಸಗಳು ಸ್ವಂತ ಗಡಿಯಾರದಿಂದ ನಡೆಯುವುದಿಲ್ಲ. ಯಾರಾದರೂ ಪುಟ ತೆರೆದಾಗ, ಸಮಯವಾಗಿದ್ದರೆ, ಆರಂಭವಾಗುತ್ತವೆ. ಜನ ಸೇರಿದ ಹೊತ್ತಿಗೇ ಭಾರಿ ಕೆಲಸವೂ ಬಂದೊದಗುವುದು ಹೀಗೆ. ಆ ಏರ್ಪಾಡನ್ನು ನಿಲ್ಲಿಸಿ, ಕೆಲಸವನ್ನು ಸರ್ವರಿನ ಕ್ರಾನ್ ಎಂಬ ವೇಳಾವ್ಯವಸ್ಥೆಗೆ ಒಪ್ಪಿಸಬಹುದು. ಬಳಕೆಯಲ್ಲಿಲ್ಲದ ಪ್ಲಗಿನ್‌ಗಳನ್ನು ತೋಟದ ಬಂದಳಿಕೆಯಂತೆ ಕಿತ್ತೊಗೆಯುವುದೇ ಲೇಸು.

ವಾಟ್ಸಾಪಿನಲ್ಲಿ ಧಾರಣೆ ಬರುವಾಗ ಈ ತಾಣದ ಗೊಡವೆ ಏಕೆ ಎನ್ನುವವರೂ ಇದ್ದಾರೆ. ಕೈಯಿಂದ ಕೈಗೆ ದಾಟಿದ ಸಂದೇಶದಲ್ಲಿ ಎಷ್ಟೋ ಸಲ ತಾರೀಖು ಇರುವುದಿಲ್ಲ; ತಪ್ಪಿದರೆ ಕೇಳಲು ಹೊಣೆಗಾರರೂ ಇಲ್ಲ. ಸಂಘ ಪ್ರಕಟಿಸಿದ ಅಂಕಿಗೆ ಸಂಘವೇ ಉತ್ತರ ಹೇಳಬೇಕು. ಸಹಕಾರದ ಬೆಲೆ ಇರುವುದು ಅಲ್ಲಿಯೇ.

ಆದ್ದರಿಂದ ಆಡಳಿತ ಮಂಡಳಿಯಲ್ಲಿ ನಮ್ಮ ಕೋರಿಕೆ ಇಷ್ಟೇ. ಪ್ರತಿ ಕೊಯ್ಲಿಗೆ ಮುನ್ನ ಈ ಪರೀಕ್ಷೆ ನಡೆಯಲಿ. ಅದರ ಹೊಣೆ ಒಬ್ಬ ಸಿಬ್ಬಂದಿಯ ಮೇಲಿರಲಿ. ಫಲಿತಾಂಶವನ್ನು ಸದಸ್ಯರಿಗೆ ತಿಳಿಸಲಿ. ದೋಷ ತಿದ್ದಿದ ಮೇಲೂ ಜಾಗ ಸಾಲದಿದ್ದರೆ ಹೆಚ್ಚಿನ ಬಾಡಿಗೆಗೆ ನಮ್ಮ ಒಪ್ಪಿಗೆಯುಂಟು. ಕಾರಣ ತಿಳಿಯದೆ ಮಾಡುವ ಖರ್ಚಿಗೆ ಮಾತ್ರ ನಮ್ಮ ವಿರೋಧ.