ಬರ ತಾಳುವ ಸೋಯಾ ತಳಿಗಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಕುಲಪತಿಗಳು,
ಕೃಷಿ ವಿಶ್ವವಿದ್ಯಾಲಯ, ಧಾರವಾಡ

ಇವರಿಂದ,
ಮುಂಬಯಿಯ ಮುಲುಂಡಿನಲ್ಲಿ ವಾಸವಿರುವ ಬೀದರ್ ಜಿಲ್ಲೆಯ ಸೋಯಾ ಬೆಳೆಗಾರ ಕುಟುಂಬಗಳು

ವಿಷಯ: ಬರ ತಾಳುವ ಸೋಯಾ ತಳಿಗಳ ಅಭಿವೃದ್ಧಿ ಹಾಗೂ ಬೀದರಿನ ಎರೆ ಭೂಮಿಯಲ್ಲಿ ಅವುಗಳ ಪರೀಕ್ಷೆ ಕುರಿತು.

ಮಾನ್ಯರೇ,

ನಾವು ಮುಲುಂಡಿನಲ್ಲಿ ದುಡಿಯುವವರು. ಹೊಲ ಔರಾದ, ಭಾಲ್ಕಿ ಕಡೆ. ಮಿರಗದ ಮಳೆ ಬಿತ್ತೆಂದು ಸುದ್ದಿ ಬಂದರೆ ಕಲ್ಯಾಣದಲ್ಲಿ ಬೀದರ್ ರೈಲು ಹತ್ತುತ್ತೇವೆ, ಎಕರೆಗೆ 30 ಕಿಲೊ ಬೀಜ ಬಿತ್ತಿ ವಾಪಸಾಗುತ್ತೇವೆ. ಆಮೇಲೆ ಬೆಳೆ ನೋಡುವುದು ಫೋನಿನಲ್ಲೇ. 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಊರಿನಿಂದ ಬಂದ ಫೋಟೊದಲ್ಲಿ ನಡುಹಗಲಿನ ಹೊಲ ಬೆಳ್ಳಗೆ ಕಂಡಿತು. ಬಾಡಿದ ಎಲೆಗಳು ಮಗುಚಿ ತಳ ತೋರಿಸಿದ್ದವು. ರಾಶಿಯ ಹೊತ್ತಿಗೆ ಕಾಯಿ ಬಿಡಿಸಿದರೆ ಮೂರು ಕಾಳಿನ ಜಾಗದಲ್ಲಿ ಒಂದು, ಅದೂ ಮುರುಟಿದ್ದು.

ಜೆಎಸ್ 335 ತಳಿಯ ಸಂಕರದಿಂದ ತುಕ್ಕು ರೋಗಕ್ಕೆ ಜಗ್ಗದ ಡಿಎಸ್‌ಬಿ 21 ತಳಿಯನ್ನು ಕೊಟ್ಟವರು ತಾವೇ. ಬರದ ವಿಷಯ ಅಷ್ಟು ಸಲೀಸಲ್ಲವೆಂದು ಬಲ್ಲೆವು. ಸೋಯಾದ 20 ವರ್ಣತಂತುಗಳ ಜೀನೋಮ್ 2010ರಲ್ಲೇ ಪ್ರಕಟವಾಗಿದ್ದರೂ, ತಡವಾಗಿ ಬಾಡುವ ಗುಣ ಒಂದೇ ವಂಶವಾಹಿಯ ಕೈಯಲ್ಲಿಲ್ಲ. ಹಲವು ಕಡೆ ಚೂರುಚೂರಾಗಿ ಹಂಚಿಹೋಗಿದೆ. ಅಮೆರಿಕದಲ್ಲಿ ಈ ಗುಣವನ್ನು ಹುಡುಕಿದ್ದು ಪಿಐ 416937 ಎಂಬ ಜಪಾನಿನ ನಾಡತಳಿಯಲ್ಲಿ. ಗಾಳಿ ಒಣಗಿದಾಗ ಆ ಗಿಡ ನೀರು ಬಿಡುವುದನ್ನು ತಾನೇ ಬಿಗಿಹಿಡಿಯುತ್ತದೆ. ಅಂಥ ಗುಣದ ಜಾಡನ್ನು ಡಿಎನ್‌ಎ ಗುರುತುಗಳಿಂದ ಹಿಡಿದು, ನಮ್ಮ ಕಡೆ ಒಗ್ಗಿದ ತಳಿಗಳಿಗೆ ಸೇರಿಸುವ ಕೆಲಸವನ್ನು ಕಾಲಮಿತಿ ಹಾಕಿಕೊಂಡು ಕೈಗೊಳ್ಳಬೇಕೆಂದು ಕೋರುತ್ತೇವೆ.

ಬೇಗ ಕೊಯ್ಲಿಗೆ ಬರುವ ತಳಿಗೆ ಬರ ಸಹಿಷ್ಣು ಎಂಬ ಚೀಟಿ ಅಂಟಿಸುವುದು ಬೇಡ. ಅದು ಕೊನೆಯ ಬರದಿಂದ ತಪ್ಪಿಸಿಕೊಳ್ಳುತ್ತದೆ ಅಷ್ಟೇ. ನಡುವೆ ಮಘಾ ಮಳೆ ಕೈಕೊಟ್ಟರೆ ಅದೂ ಬಾಡುತ್ತದೆ. ಇಂದೋರಿನ ಸೋಯಾಬೀನ್ ಸಂಶೋಧನಾ ಸಂಸ್ಥೆ ಬರ ಸಹಿಷ್ಣುವೆಂದು ಕೊಟ್ಟಿರುವ ಎನ್‌ಆರ್‌ಸಿ 136 ಸೇರಿದಂತೆ ಎಲ್ಲ ತಳಿಗಳನ್ನೂ ಕಾಳು ಕಟ್ಟುವ ಹಂತದಲ್ಲೇ, ಬಿರುಕು ಬಿಡುವ ಎರೆಯಲ್ಲೇ ಪರೀಕ್ಷಿಸಬೇಕು. ಒಳ್ಳೆ ಮಳೆಯ ವರ್ಷ ಪ್ರಯೋಗ ನಿಲ್ಲದಂತೆ ಮಳೆ ತಡೆಯುವ ಚಪ್ಪರವೂ ಬೇಕು. ಬೀದರ್ ರಾಯಚೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತದೆ, ಸೋಯಾ ತಳಿ ಕೆಲಸ ಧಾರವಾಡದಲ್ಲಿ. ಈ ಗಡಿ ಕಡತದಲ್ಲಿರಲಿ, ಹೊಲಕ್ಕೆ ಬೇಡ. ಬೀದರಿನ ಕೃಷಿ ವಿಜ್ಞಾನ ಕೇಂದ್ರವನ್ನು ಜೊತೆಗೂಡಿಸಿಕೊಳ್ಳಬಹುದು.

ಸೋಯಾ ಸ್ವಕೀಯ ಪರಾಗಸ್ಪರ್ಶದ ಬೆಳೆ, ಒಮ್ಮೆ ಕೊಂಡ ಬೀಜವನ್ನೇ ಕೂಡಿಟ್ಟು ಮತ್ತೆ ಬಿತ್ತಬಹುದು. ಬೀಜ ಕೂಡಿಡುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ಆದ್ದರಿಂದ ಹೊಸ ತಳಿಯ ಬೀಜ ರೈತ ಸಂಪರ್ಕ ಕೇಂದ್ರಗಳಲ್ಲಿ ಸಿಗಲಿ, ಮೊಳಕೆ ಪ್ರಮಾಣದ ಜೊತೆಗೆ ಯಾವ ಮಣ್ಣಿನಲ್ಲಿ, ಎಷ್ಟು ದಿನದ ಒಣ ಅವಧಿಗೆ ಪರೀಕ್ಷೆಯಾಗಿದೆ ಎಂಬುದೂ ಚೀಲದ ಮೇಲೆ ಕನ್ನಡದಲ್ಲಿ ಅಚ್ಚಾಗಲಿ.

ಪ್ರಯೋಗಕ್ಕೆ ತಲಾ ಅರ್ಧ ಎಕರೆ ಬಿಟ್ಟುಕೊಡಲು ನಮ್ಮಲ್ಲಿ ಕೆಲವರು ಒಪ್ಪಿದ್ದಾರೆ. ಬಾವಿ, ಬೋರ್‌ವೆಲ್ ಯಾವುದೂ ಇಲ್ಲದ ಹೊಲಗಳವು.

ತಮ್ಮ ವಿಶ್ವಾಸಿಗಳು,
(ಸಹಿಗಳು)
ಮುಲುಂಡ್, ಮುಂಬಯಿ

ಪ್ರತಿ: ಮಾನ್ಯ ಕುಲಪತಿಗಳು, ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ರಾಯಚೂರು