ಹೆಬ್ಬೆಟ್ಟು ಸವೆದವರ ಜೊತೆ ಒಂದು ಸಲ ನಿಂತುಕೊಳ್ಳಿ

ರೇಷನ್ ಕೊಡುವ ದಿನ ನಿಮ್ಮೂರಿನ ನ್ಯಾಯಬೆಲೆ ಅಂಗಡಿಯ ಹತ್ತಿರ ಅರ್ಧ ಗಂಟೆ ನಿಂತು ನೋಡಿ. ಬರಿಗೈಯಲ್ಲಿ ತಿರುಗಿ ಹೋಗುವವರು ಯಾರೆಂದು ಗಮನಿಸಿ. ಕಳೆ ಕಿತ್ತು, ಇಟ್ಟಿಗೆ ಹೊತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆಯೇ ಅಳಿಸಿಹೋದ ಅಜ್ಜಿ. ಯಂತ್ರ ಆಕೆಯ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ‘ಸರ್ವರ್ ಇಲ್ಲ, ನಾಳೆ ಬಾ’ ಎನ್ನಿಸಿಕೊಂಡ ಕೂಲಿಯಾಳು. ನಾಳೆ ಬರಬೇಕೆಂದರೆ ಇನ್ನೊಂದು ದಿನದ ಕೂಲಿ ಹೋಗುತ್ತದೆ. ಅಂಗಡಿಯವನನ್ನು ಬೈಯಬೇಡಿ, ಸರ್ವರ್ ಕೈಕೊಟ್ಟರೆ ಅವನೂ ಅಸಹಾಯಕನೇ.

ಕಾನೂನಿಗೆ ನಮ್ಮಲ್ಲಿ ಕೊರತೆಯಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಹಕ್ಕೆಂದು ಬರೆದುಕೊಟ್ಟಿದೆ. ಅದೇ ವರ್ಷ ರಾಜ್ಯ ಸರ್ಕಾರದ ಅನ್ನಭಾಗ್ಯ ಯೋಜನೆಯೂ ಬಂತು. ಆದರೂ 2017ರ ಜುಲೈನಲ್ಲಿ ಗೋಕರ್ಣದ ಒಂದು ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಆಧಾರ್ ಜೋಡಣೆಯಾಗದೆ ಆ ಮನೆಯ ರೇಷನ್ ನಿಂತಿತ್ತು, ಸಾವಿಗೆ ಹಸಿವೇ ಕಾರಣ ಎಂದು ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೇಳಿತು, ಅಧಿಕಾರಿಗಳು ಒಪ್ಪಲಿಲ್ಲ. ಆಧಾರ್ ಇಲ್ಲವೆಂದು ಯಾರಿಗೂ ಪಡಿತರ ನಿಲ್ಲಿಸಬಾರದು ಎಂದು ಕೇಂದ್ರ ಸರ್ಕಾರ ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ಬರೆಯಿತು. ಆ ಪತ್ರದ ವಿಷಯವನ್ನು ಅಜ್ಜಿಯ ಮನೆಬಾಗಿಲಿಗೆ ಹೋಗಿ ಹೇಳುವವರು ಯಾರು?

ಇಲ್ಲಿ ಬೇಕಾದವರು ಸಮಾಜ ಕಾರ್ಯಕರ್ತರು. ಹಬ್ಬಕ್ಕೆ ಕಿಟ್ ಹಂಚುವುದು ಒಳ್ಳೆಯದೇ, ಆದರೆ ಆ ಅಕ್ಕಿ ಎಷ್ಟು ದಿನ ಬಂದೀತು? ತರಬೇತಿ ಪಡೆದ ಕಾರ್ಯಕರ್ತೆ ರೇಷನ್ ನಿಂತ ಮನೆಯಲ್ಲಿ ಕೂತು ಮಾತಾಡುತ್ತಾಳೆ. ಕಾರ್ಡು ಯಾಕೆ ನಿಂತಿತು, ವಿಧವಾ ಪಿಂಚಣಿ ಬರುತ್ತಿದೆಯೇ, ಬಸುರಿ ಸೊಸೆ ಮಾತೃಪೂರ್ಣ ಯೋಜನೆಯ ಊಟಕ್ಕೆ ಅಂಗನವಾಡಿಗೆ ಹೋಗುತ್ತಿದ್ದಾಳೆಯೇ, ದುಡಿದ ಹಣ ಕುಡಿತಕ್ಕೆ ಹೋಗುತ್ತಿದೆಯೇ ಎಂದೆಲ್ಲ ಬಿಡಿಸಿ ನೋಡುತ್ತಾಳೆ. ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ಜೊತೆಗೆ ಹೋಗುತ್ತಾಳೆ. ಅಲ್ಲೂ ಆಗದಿದ್ದರೆ ಜಿಲ್ಲೆಯಲ್ಲಿ ಕುಂದುಕೊರತೆ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆಯೆಂದು ಆಕೆಗೆ ಗೊತ್ತು. ಯಾದಗಿರಿ, ರಾಯಚೂರಿನಿಂದ ಬಂದು ಬೆಂಗಳೂರಿನ ಶೆಡ್ಡುಗಳಲ್ಲಿರುವ ಕುಟುಂಬಗಳಿಗೆ, ಊರಿನ ಕಾರ್ಡಿನಲ್ಲೇ ಇಲ್ಲಿನ ಅಂಗಡಿಯಲ್ಲೂ ರೇಷನ್ ಸಿಗುತ್ತದೆಂದು ತಿಳಿಸಬೇಕಾದವಳೂ ಆಕೆಯೇ.

ಯಾರ ಮನೆಯ ಒಲೆ ಹೊತ್ತಿಲ್ಲವೆಂದು ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಆದರೆ ಸಮೀಕ್ಷೆ, ಲಸಿಕೆ, ಆ್ಯಪಿನ ದಾಖಲೆ ಎಂದು ಅವರ ಹೆಗಲ ಮೇಲೆ ಹೇರಿರುವುದೇ ಸಾಕಷ್ಟಿದೆ. ಇನ್ನೊಂದು ಹೊರೆ ಬೇಡ. ಪ್ರತಿ ತಾಲ್ಲೂಕಿನ ಆಹಾರ ಶಾಖೆಯಲ್ಲಿ ಸಂಬಳ ಕೊಟ್ಟು ಒಬ್ಬ ಸಮಾಜ ಕಾರ್ಯಕರ್ತರನ್ನು ನೇಮಿಸಿ ಎಂದು ಸರ್ಕಾರವನ್ನು ಕೇಳೋಣ. ನಿಮ್ಮ ಶಾಸಕರು ಸಿಕ್ಕಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ.

ಸಮಾಜಕಾರ್ಯದ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯು) ಕಲಿಸುವ ಕಾಲೇಜುಗಳ ಮೇಷ್ಟ್ರುಗಳಲ್ಲಿ ವಿಶೇಷವಾಗಿ ಕೈಮುಗಿದು ಕೇಳುತ್ತೇನೆ. ಕ್ಷೇತ್ರಕಾರ್ಯ ನಿಮ್ಮ ವಿದ್ಯಾರ್ಥಿಗಳಿಗೆ ಹೇಗೂ ಕಡ್ಡಾಯ. ರೇಷನ್ ಕೊಡುವ ದಿನಗಳಲ್ಲಿ ಅವರನ್ನು ಅಂಗಡಿಗಳ ಹತ್ತಿರ ಕಳಿಸಿ. ತಿರುಗಿ ಹೋದವರ ಹೆಸರು, ಕಾರಣ ಬರೆದುಕೊಂಡು, ಆ ಮನೆಗೆ ಧಾನ್ಯ ಬರುವವರೆಗೂ ಬೆನ್ನು ಬಿಡದಿರಲಿ. ಕಾಯ್ದೆಯ ಪ್ರಕಾರ ಪ್ರತಿ ಅಂಗಡಿಗೂ ಜಾಗೃತಿ ಸಮಿತಿ ಇರಬೇಕು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಯಾವಾಗ ಸೇರಿತ್ತು ಎಂದು ಆ ಹುಡುಗ ಹುಡುಗಿಯರೇ ಕೇಳಲಿ.

ಓದುಗರೇ, ನಿಮ್ಮ ಮನೆಗೆಲಸದವರನ್ನು, ಅಪಾರ್ಟ್‌ಮೆಂಟಿನ ಕಾವಲುಗಾರರನ್ನು ಈ ತಿಂಗಳ ರೇಷನ್ ಬಂತಾ ಎಂದು ವಿಚಾರಿಸಿ. ಬಂದಿಲ್ಲವೆಂದರೆ ಆಹಾರ ಇಲಾಖೆಯ ಸಹಾಯವಾಣಿ 1967ಕ್ಕೆ ಫೋನ್ ಮಾಡಿ. ಅವರು ಕಚೇರಿಗೆ ಹೋಗುವ ದಿನ ಸಂಬಳ ಹಿಡಿಯಬೇಡಿ, ಸಾಧ್ಯವಾದರೆ ಜೊತೆಗೆ ನೀವೂ ಹೋಗಿ.